ಬೂದಿಯ ಬೆಲೆ ಬೆಂಕಿಯಲ್ಲಿದೆ

ಕೃಷಿತ್ಯಾಜ್ಯದ ಬೂದಿಯನ್ನು ಸಿಮೆಂಟಿಗೆ ಬೆರೆಸಬಹುದೆಂಬ ಮಾತು ಈಗ ಪರಿಚಿತವೇ. ಆದರೆ ಯಾವ ಬೆಳೆಯ ಬೂದಿ, ಹೇಗೆ ಸುಟ್ಟ ಬೂದಿ ಎಂದು ಕೇಳದೆ ಆ ಮಾತನ್ನು ನಂಬಲಾಗದು.

ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಕಾರಟಗಿ, ಸಿಂಧನೂರುಗಳು ಅಕ್ಕಿ ಗಿರಣಿಗಳಿಗೆ ಹೆಸರಾದ ಊರುಗಳು. ನೂರು ಕಿಲೊ ಭತ್ತದಿಂದ ಸುಮಾರು 20 ಕಿಲೊ ಉಮಿ ಬರುತ್ತದೆ. ಅದನ್ನು ಸುಟ್ಟರೆ ಸುಮಾರು 4 ಕಿಲೊ ಬೂದಿ ಉಳಿಯುತ್ತದೆ. ಭತ್ತದ ಸಸ್ಯವು ಮಣ್ಣಿನಿಂದ ಹೀರಿದ ಸಿಲಿಕಾ ಉಮಿಯಲ್ಲಿ ನೆಲೆಸುವುದರಿಂದ, ಚೆನ್ನಾಗಿ ಸುಟ್ಟ ಬೂದಿಯಲ್ಲಿ ಸಾಮಾನ್ಯವಾಗಿ ಶೇ. 85ರಿಂದ 95ರಷ್ಟು ಸಿಲಿಕಾ ಇರುತ್ತದೆ.

ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಅರಳಿದ ಸುಣ್ಣವೂ ಉಂಟಾಗುತ್ತದೆ. ಅದರಿಂದ ಬಲ ಹೆಚ್ಚದು. ನುಣ್ಣಗೆ ಅರೆದ ಬೂದಿಯ ಸಿಲಿಕಾ ಆ ಸುಣ್ಣದೊಡನೆ ಬೆರೆತು, ಸಿಮೆಂಟಿಗೆ ಬಲ ಕೊಡುವ ಅಂಟನ್ನೇ ಇನ್ನಷ್ಟು ಹುಟ್ಟಿಸುತ್ತದೆ. ತತ್ತ್ವ ಹಳೆಯದು: 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಗೆ ಬಳಸಿದ್ದು ಸುಣ್ಣಕ್ಕೆ ಸುಟ್ಟ ಜೇಡಿಯ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನೇ. ಸಿಮೆಂಟಿನ ಕ್ಲಿಂಕರನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಡಬೇಕು; ಆಗ ಸುಣ್ಣಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕ್ಲಿಂಕರಿನ ಒಂದು ಪಾಲಿಗೆ ಬದಲಾಗಿ ಬೂದಿ ಸೇರಿದರೆ ಅಷ್ಟು ಹೊರೆ ತಗ್ಗುತ್ತದೆ.

ಆದರೆ ಎಲ್ಲ ಉಮಿ ಬೂದಿಯೂ ಒಂದೇ ಅಲ್ಲ. ಸುಮಾರು 700 ಡಿಗ್ರಿಯೊಳಗೆ ಹದವಾಗಿ ಸುಟ್ಟಾಗ ಸಿಲಿಕಾ ಹರಳುಗಟ್ಟದೆ ಚುರುಕಾಗಿರುತ್ತದೆ. ಉರಿ ಮಿತಿಮೀರಿದರೆ ಅದು ಹರಳುಗಟ್ಟಿ, ಸುಣ್ಣದೊಡನೆ ಬೆರೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಉರಿ ಸಾಲದಿದ್ದರೆ ಇಂಗಾಲ ಉಳಿದು ಬೂದಿ ಕಪ್ಪಾಗುತ್ತದೆ, ಹೆಚ್ಚು ನೀರು ಬೇಡುತ್ತದೆ. ಗಿರಣಿಯ ಬಾಯ್ಲರಿನಲ್ಲಿ ಉಮಿ ಉರಿಯುವುದು ಹಬೆಗಾಗಿ, ಬೂದಿಗಾಗಿ ಅಲ್ಲ. ಆದಕಾರಣ ಅಲ್ಲಿನ ಬೂದಿಯ ಗುಣ ದಿನಕ್ಕೊಂದು ಬಗೆಯಾಗಬಹುದು. ಭಾರತೀಯ ಮಾನಕ 456ರ 2000ದ ಆವೃತ್ತಿ ಉಮಿ ಬೂದಿಗೆ ಅನುಮತಿ ನೀಡಿದ್ದರೂ, ಏಕರೂಪತೆಯನ್ನು ಕಡ್ಡಾಯಗೊಳಿಸಿರುವುದು ಇದಕ್ಕಾಗಿಯೇ.

ಗಡಿಯಾಚೆ, ಕಲ್ಯಾಣದುರ್ಗದ ಬಳಿಯ ಬ್ರಹ್ಮಸಮುದ್ರದ ಸೀಮೆಯಲ್ಲಿ ಮಳೆಯಾಶ್ರಿತ ಶೇಂಗಾ ಬೆಳೆಯೇ ಮುಖ್ಯ. ಅಲ್ಲಿ ದೊರೆಯುವ ಶೇಂಗಾ ಸಿಪ್ಪೆಯ ಬೂದಿಯಲ್ಲಿ ಉಮಿ ಬೂದಿಯಷ್ಟು ಸಿಲಿಕಾ ಇಲ್ಲ. ಪೊಟ್ಯಾಷಿನಂಥ ಕ್ಷಾರಗಳು ಹೆಚ್ಚು. ಹೊಲಕ್ಕೆ ಪೋಷಕವಾಗುವ ಆ ಕ್ಷಾರವೇ, ಕೆಲವು ಬಗೆಯ ಜಲ್ಲಿಯೊಡನೆ ಸೇರಿದಾಗ ಕಾಂಕ್ರೀಟನ್ನು ಕಾಲಕ್ರಮದಲ್ಲಿ ಬಿರಿಯಿಸಬಲ್ಲದು. ಗಂಗಾವತಿಯ ಬೂದಿಗೆ ಸಲ್ಲುವ ಮಾತು ಬ್ರಹ್ಮಸಮುದ್ರದ ಬೂದಿಗೆ ತಾನಾಗಿ ಸಲ್ಲದು.

ಬಡವನ ಮನೆಯ ಖರ್ಚು ತಗ್ಗಿಸಲೆಂದು ಬೆರೆಸಿದ ಬೂದಿ ಅವನ ಗೋಡೆಯನ್ನೇ ದುರ್ಬಲಗೊಳಿಸಬಾರದು. ಬಣ್ಣ ನೋಡಿ ಬೂದಿಯನ್ನು ಶಂಕಿಸಬಹುದು; ಒಪ್ಪಿಕೊಳ್ಳಬೇಕಾದುದು ಪ್ರಯೋಗಾಲಯದ ಪರೀಕ್ಷೆಯ ನಂತರವೇ.