ವಸಡಿನ ರೋಗ: ಲಕ್ಷಣ, ಚಿಕಿತ್ಸೆ ಮತ್ತು ಹತೋಟಿ

ಹರಿಹರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೆಕ್ಕೆಜೋಳದ ಕ್ಷೇತ್ರೋತ್ಸವ ನಡೆದಿತ್ತು. ಸುಟ್ಟ ತೆನೆ ಹಂಚಿದಾಗ ಹಿರಿಯ ರೈತರೊಬ್ಬರು ತಮ್ಮ ಪಾಲನ್ನು ಮೊಮ್ಮಗನಿಗೆ ಕೊಟ್ಟು, "ಬೆಳೆಯೋನು ನಾನು, ತಿನ್ನೋನು ಇವನು ನೋಡ್ರಿ. ಹಲ್ಲೆಲ್ಲ ಅಲ್ಲಾಡ್ತಾವೆ, ವಯಸ್ಸಾತಲ್ಲ" ಎಂದರು. ವಯಸ್ಸಾದೊಡನೆ ಹಲ್ಲು ಸಡಿಲವಾಗಲೇಬೇಕೆಂಬುದು ತಪ್ಪು ತಿಳುವಳಿಕೆ. ಬಹುಮಟ್ಟಿಗೆ ಇದಕ್ಕೆ ವಸಡಿನ ರೋಗವೇ ಕಾರಣ. ಇದನ್ನು ತಡೆಯಲು ಸಾಧ್ಯ.

ರೋಗ ಬರುವ ಬಗೆ

ಹಲ್ಲಿನ ಬುಡದಲ್ಲಿ ಸೂಕ್ಷ್ಮಜೀವಿಗಳಿಂದ ಕೂಡಿದ ಅಂಟು ಪಾಚಿ ದಿನವೂ ಕಟ್ಟುತ್ತದೆ. ಇದನ್ನು ಉಜ್ಜಿ ತೆಗೆಯದಿದ್ದರೆ ಜೊಲ್ಲಿನ ಸುಣ್ಣದಂಶ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಈ ಕಿಟ್ಟದ ಬಳಿ ವಸಡು ಊದಿಕೊಂಡು, ಕ್ರಮೇಣ ಹಲ್ಲನ್ನು ಹಿಡಿದಿರುವ ಮೂಳೆಯೂ ಸವೆಯುತ್ತದೆ. ಬುಡದ ಮಣ್ಣು ಕೊಚ್ಚಿಹೋದ ಗಿಡದಂತೆ ಹಲ್ಲು ಅಲ್ಲಾಡತೊಡಗುತ್ತದೆ.

ಲಕ್ಷಣಗಳು

ಉಜ್ಜುವಾಗ ರಕ್ತ ಬರುವುದು, ವಸಡು ಕೆಂಪಾಗಿ ಊದುವುದು, ಬಾಯಿ ದುರ್ವಾಸನೆ; ಮುಂದಿನ ಹಂತದಲ್ಲಿ ವಸಡು ಕೆಳಸರಿಯುವುದು, ಕೀವು, ಹಲ್ಲು ಸಡಿಲವಾಗುವುದು. ನೋವು ಬಹಳ ತಡವಾಗಿ ಕಾಣಿಸಿಕೊಳ್ಳುವುದರಿಂದ ಅದಕ್ಕಾಗಿ ಕಾಯಬಾರದು. ಬೀಡಿ ಸೇದುವವರಲ್ಲಿ ರಕ್ತ ಕಡಿಮೆ ಬರುವುದರಿಂದ ರೋಗ ಮರೆಯಾಗಿಯೇ ಬೆಳೆಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ರೋಗ ಉಲ್ಬಣಿಸುತ್ತದೆ. ವಸಡಿನ ರೋಗವಿದ್ದರೆ ಸಕ್ಕರೆ ಹತೋಟಿಯೂ ಕಷ್ಟವಾಗುತ್ತದೆ.

ಚಿಕಿತ್ಸೆ

ರಕ್ತ ಮಾತ್ರ ಬರುವ ಹಂತದಲ್ಲಿ ಕಿಟ್ಟ ತೆಗೆಸಿ, ಸರಿಯಾಗಿ ಉಜ್ಜಿದರೆ ವಸಡು ಪೂರ್ಣ ಗುಣವಾಗುತ್ತದೆ. ಮೂಳೆ ಸವೆದಿದ್ದರೆ ವಸಡಿನೊಳಗಿನ ಬೇರನ್ನೂ ಸ್ವಚ್ಛಗೊಳಿಸಬೇಕು. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾದೀತು. ಹೋದ ಮೂಳೆ ಹೆಚ್ಚಾಗಿ ಮರಳಿ ಬಾರದು, ಉಳಿದದ್ದನ್ನು ಕಾಪಾಡಬಹುದು.

ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ನಮ್ಮಲ್ಲಿದೆ. ಇದು ಸರಿಯಲ್ಲ. ಹಲ್ಲುಗಳನ್ನು ಬೆಸೆದಂತಿದ್ದ ಕಿಟ್ಟ ಹೋದಾಗ ಮೊದಲೇ ಆಗಿದ್ದ ಸಡಿಲು ತಿಳಿಯುತ್ತದೆ, ಅಷ್ಟೆ. ದಾವಣಗೆರೆಯಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಹರಿಹರದವರಿಗೂ ಇವು ದೂರವಲ್ಲ.

ಹತೋಟಿ ಕ್ರಮಗಳು

1. ಮೃದು ಬ್ರಷ್ ಮತ್ತು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆ 2 ಸಲ, ಪ್ರತಿ ಸಲ 2 ನಿಮಿಷ ಉಜ್ಜಬೇಕು. ರಾತ್ರಿ ಮಲಗುವ ಮುನ್ನ ತಪ್ಪಿಸಬಾರದು.
2. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿಯಬೇಕು. ರಕ್ತ ಬಂದಿತೆಂದು ಉಜ್ಜುವುದನ್ನು ನಿಲ್ಲಿಸಬಾರದು.
3. ಇದ್ದಿಲು, ಇಟ್ಟಿಗೆ ಪುಡಿ, ಹೊಗೆಸೊಪ್ಪಿನ ಪುಡಿ ಬಳಸಬಾರದು. ಬೇವಿನ ಕಡ್ಡಿಯಾದರೆ ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಳ್ಳಬೇಕು. ಆದರೆ ಸಂದುಗಳನ್ನು ಅದು ಸ್ವಚ್ಛ ಮಾಡದು.
4. ಉಪ್ಪುನೀರು ಮುಕ್ಕಳಿಸಿದರೆ ಹಿತವೆನಿಸುತ್ತದೆ, ಕಿಟ್ಟ ಕರಗದು.
5. ಬೀಡಿ, ಗುಟ್ಕಾ, ಹೊಗೆಸೊಪ್ಪು ಬಿಡಬೇಕು.
6. ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ತೋರಿಸಬೇಕು.

ಆ ಹಿರಿಯರು ಕೊನೆಗೂ ದಾವಣಗೆರೆಗೆ ಹೋಗಿಬಂದರು. 2 ಹಲ್ಲು ಕೀಳಿಸಬೇಕಾಯಿತು, ಉಳಿದವು ನಿಂತಿವೆ. ಮೊದಲು ರಕ್ತ ಕಂಡಾಗಲೇ ಹೋಗಿದ್ದರೆ ಆ ಎರಡೂ ಉಳಿಯುತ್ತಿದ್ದವೇನೋ. ಎಲೆಯ ಮೇಲೆ ಮೊದಲ ಚುಕ್ಕೆ ಕಂಡೊಡನೆ ಎಚ್ಚೆತ್ತುಕೊಳ್ಳುವ ರೈತ ಬಾಂಧವರು ತಮ್ಮ ವಸಡಿನ ಮೊದಲ ರಕ್ತವನ್ನೂ ಅಲಕ್ಷಿಸದಿರಲಿ.