ಅತ್ತೆಯ ಮೊಣಕಾಲು, ಈಸ್ಟ್‌ಬೋರ್ನಿನ ಕಡಲು

ಪ್ರಶ್ನೆ: ನಾನು ಮಂಗಾಫ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಗಂಡ ಶುವೈಖ್‌ನ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಮಕ್ಕಳಿಬ್ಬರು, ಹದಿಮೂರು ಮತ್ತು ಏಳು ವರ್ಷ. ಕುವೈತಿನಲ್ಲೇ ನರ್ಸ್ ಆಗಿದ್ದ ನನ್ನ ತಮ್ಮ ಮೂರು ವರ್ಷದ ಹಿಂದೆ ಇಂಗ್ಲೆಂಡಿಗೆ ಹೋಗಿ ಈಗ ಈಸ್ಟ್‌ಬೋರ್ನ್ ಎಂಬ ಕಡಲೂರಿನಲ್ಲಿದ್ದಾನೆ. ಮುಂದಿನ ರಜೆಗೆ ಹತ್ತು ದಿನ ಬನ್ನಿ ಎನ್ನುತ್ತಿದ್ದಾನೆ. ಕುಂದಾಪುರದಲ್ಲಿರುವ ಅತ್ತೆಯನ್ನೂ ಕರೆದೊಯ್ಯುವ ಆಸೆ ನಮ್ಮದು. ಅವರಿಗೆ 69, ಮೊಣಕಾಲು ನೋವಿದೆ. ಕೇಳಿದರೆ, "ನಂಗ್ಯಾಕೆ? ನಮ್ಮ ಕೋಡಿಯಲ್ಲಿ ಸಮುದ್ರ ಇಲ್ವಾ?" ಎನ್ನುತ್ತಾರೆ. ಆ ದುಡ್ಡಿಗೆ ಊರಮನೆಯ ಮಾಡು ರಿಪೇರಿಯಾಗುತ್ತಿತ್ತು ಎಂದು ಭಾವ ಹೇಳಿದರು. ತಮ್ಮನ ಮನೆಯಲ್ಲಿ ಅಮ್ಮನನ್ನು ಉಳಿಸುವುದು ಸರಿಯಲ್ಲ ಎಂದು ಗಂಡನ ವಾದ. ವೀಸಾ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಿಂದ ಶುರುಮಾಡಲಿ?

ಉತ್ತರ: ತಂಗಿ, ಅತ್ತೆಯಿಂದ ಶುರುಮಾಡಿ.

"ಕೋಡಿಯಲ್ಲಿ ಸಮುದ್ರ ಇಲ್ವಾ" ಎಂದವರು ಸಮುದ್ರದ ಬಗ್ಗೆ ಮಾತಾಡುತ್ತಿಲ್ಲ ಎಂದೇ ನನಗನಿಸುತ್ತದೆ. ನನ್ನ ಅಮ್ಮನೂ ಹೀಗೇ ಹೇಳುತ್ತಿದ್ದರು. ನಾವು ಸಾಲ್ಮಿಯಾದಲ್ಲಿದ್ದಾಗ ಒಮ್ಮೆ ಅವರನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಏಳು ದಿನದಲ್ಲಿ ನಾಲ್ಕು ಊರು ಸುತ್ತಿಸಿದೆ. ಅಮ್ಮ ಹೆಚ್ಚಿನ ಹೊತ್ತು ಕಾರಿನಲ್ಲೇ ಕೂತಿದ್ದರು. ದಾರಿಯಲ್ಲಿ ಶೌಚಾಲಯ ಸಿಗದಿದ್ದರೆ ಎಂಬ ಹೆದರಿಕೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದರೆಂದು ನನಗೆ ತಿಳಿದದ್ದು ವಾಪಸು ಬಂದ ಮೇಲೆ. ಆ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ. ಹಾಗಾಗಿ ಈ ಶುಕ್ರವಾರ ಮಕ್ಕಳ ಗಲಾಟೆ ಇಲ್ಲದ ಹೊತ್ತಿನಲ್ಲಿ ನೀವೊಬ್ಬರೇ ಅತ್ತೆಗೆ ಫೋನ್ ಮಾಡಿ. ಬರ್ತೀರಾ ಎಂದು ಕೇಳಬೇಡಿ. ಎಷ್ಟು ಮೆಟ್ಟಿಲು ಹತ್ತಬಲ್ಲಿರಿ, ರಾತ್ರಿ ಎಷ್ಟು ಸಲ ಏಳುತ್ತೀರಿ, ಏಕಾದಶಿ ಬಂದರೆ ಏನು ಬೇಕು, ಚಳಿಗೆ ಎಲ್ಲಿ ನೋಯುತ್ತದೆ ಎಂದು ಕೇಳಿ. ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಪ್ರವಾಸದ ನಕ್ಷೆ ಅದೇ. ಇಷ್ಟೆಲ್ಲ ಕೇಳಿದ ಮೇಲೂ ಬೇಡವೆಂದರೆ ಅದನ್ನು ನಂಬಿ, ಒತ್ತಾಯ ಮಾಡಬೇಡಿ.

ಮಾಡು ರಿಪೇರಿಯ ಮಾತಿಗೆ ನನ್ನ ಉತ್ತರ ಚಿಕ್ಕದು. ಮಾಡು ಸೋರುತ್ತಿದ್ದರೆ ಮಳೆಗಾಲಕ್ಕೆ ಮೊದಲು ಅದೇ ಆಗಲಿ, ಪ್ರವಾಸ ಒಂದು ವರ್ಷ ಕಾಯಲಿ. ಸೋರದಿದ್ದರೆ ಭಾವನವರ ಮಾತನ್ನು ಗೌರವದಿಂದ ಕೇಳಿ, ನಿಮ್ಮ ಲೆಕ್ಕ ನೀವು ಮಾಡಿ. ಹೆಂಚು ಮುಂದಿನ ವರ್ಷವೂ ಸಿಗುತ್ತದೆ, ಮೊಣಕಾಲು ಇಷ್ಟೇ ಚೆನ್ನಾಗಿರುತ್ತದೆ ಎಂದು ಹೇಳಲಾಗದು.

ಇನ್ನು ಕಾಗದಪತ್ರ. ಇದರಲ್ಲಿ ಅವಸರ ಮಾಡಿದವರೇ ಹೆಚ್ಚು ಕಳೆದುಕೊಳ್ಳುವುದು. ಆಸ್ಪತ್ರೆಯ ಕುವೈತಿ ಸಹೋದ್ಯೋಗಿಗಳು, "ಫೋನಿನಲ್ಲೇ ಅನುಮತಿ ಬರುತ್ತದೆ, ವೀಸಾ ಏಕೆ?" ಎಂದಿರಬಹುದು. ಅದು ಕುವೈತಿ ಪಾಸ್‌ಪೋರ್ಟ್‌ಗೆ 2024ರಿಂದ ಬಂದ ಸೌಲಭ್ಯ. ನೀವು ಕುವೈತಿನಲ್ಲಿ ಇಪ್ಪತ್ತು ವರ್ಷ ಇದ್ದರೂ ಭಾರತದ ಪಾಸ್‌ಪೋರ್ಟ್ ಇದ್ದರೆ ಸಂದರ್ಶಕ ವೀಸಾ ಬೇಕೇ ಬೇಕು. ಅರ್ಜಿ ಆನ್‌ಲೈನ್, ಬೆರಳಚ್ಚು ಮತ್ತು ಫೋಟೊ ವೀಸಾ ಕೇಂದ್ರದಲ್ಲಿ. ಹೊರಡುವ ದಿನಕ್ಕೆ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನವಾಗುತ್ತದೆ. ಆರು ತಿಂಗಳ ವೀಸಾದ ಶುಲ್ಕ 2025ರ ಏಪ್ರಿಲ್‌ನಲ್ಲಿ 127 ಪೌಂಡ್ ಆಯಿತು. ಅರ್ಜಿ ಹಾಕುವ ದಿನ ಬ್ರಿಟಿಷ್ ಸರಕಾರದ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ. ಮಗುವಿಗೂ ಅಷ್ಟೇ, ಅಜ್ಜಿಗೂ ಅಷ್ಟೇ. ಆ ದರದಲ್ಲಿ ಐದು ಜನಕ್ಕೆ 635 ಪೌಂಡ್, ಎಂದರೆ ಸುಮಾರು 260 ದಿನಾರ್. ವೀಸಾ ಸಿಗದಿದ್ದರೆ ಈ ಹಣ ವಾಪಸು ಬರುವುದಿಲ್ಲ. ಆದ್ದರಿಂದ ವೀಸಾ ಕೈಗೆ ಬರುವವರೆಗೆ ರದ್ದುಮಾಡಲಾಗದ ಟಿಕೆಟ್ಟಾಗಲಿ ರೂಮಾಗಲಿ ಕೊಳ್ಳಬೇಡಿ, ಎಷ್ಟೇ ಅಗ್ಗವಿರಲಿ.

ಬ್ಯಾಂಕಿನ ಲೆಕ್ಕದ ಬಗ್ಗೆ ಒಂದು ಮಾತು ಒತ್ತಿ ಹೇಳುತ್ತೇನೆ. ನಮ್ಮವರಲ್ಲಿ ಒಂದು ಅಭ್ಯಾಸವಿದೆ. ಅರ್ಜಿಗೆ ವಾರ ಮೊದಲು ಗೆಳೆಯರಿಂದ ಸಾವಿರ ದಿನಾರ್ ಕೈಗಡ ತಂದು, ಇಲ್ಲವೇ ಚೀಟಿ ಎತ್ತಿ ಖಾತೆಗೆ ಹಾಕುವುದು. ಹಾಗೆ ಮಾಡಬೇಡಿ. ಸಂಬಳ ಬಂದು ಮನೆಬಾಡಿಗೆ, ಸ್ಕೂಲ್ ಫೀಸು, ಊರಿಗೆ ಕಳಿಸಿದ್ದು ಎಲ್ಲ ಹೋಗಿ ಉಳಿದ ಸಣ್ಣ ಉಳಿತಾಯ ಆರು ತಿಂಗಳು ಕಂಡರೆ ಅಧಿಕಾರಿಗೆ ಅರ್ಥವಾಗುತ್ತದೆ. ಎಲ್ಲಿಂದಲೋ ಬಂದು ಕೂತ ದೊಡ್ಡ ಮೊತ್ತ ಅನುಮಾನ ತರುತ್ತದೆ. ಚೀಟಿ ಹಣವೇ ಆಗಿದ್ದರೆ ಅದನ್ನು ಪತ್ರದಲ್ಲಿ ಹಾಗೆಯೇ ಬರೆಯಿರಿ. ಸಂಬಳದ ಪ್ರಮಾಣಪತ್ರ, ರಜೆ ಮಂಜೂರಾದ ಪತ್ರ, ಸಿವಿಲ್ ಐಡಿ, ತಮ್ಮನ ಆಹ್ವಾನ ಪತ್ರ ಜೊತೆಗಿರಲಿ. ಅರಬ್ಬಿಯಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು.

ಅತ್ತೆಯವರದು ಊರಿನಿಂದಲೇ ಹೋಗಲಿ, ಬೆಂಗಳೂರಿನಲ್ಲಿ ಕೇಂದ್ರವಿದೆ. ಅವರ ಖರ್ಚು ಮಗನದು ಎಂದು ಸ್ಪಷ್ಟವಾಗಿ ಬರೆದು, ಮಗನ ಬ್ಯಾಂಕ್ ಲೆಕ್ಕವನ್ನೂ ತಾಯಿ–ಮಗನ ಸಂಬಂಧದ ದಾಖಲೆಯನ್ನೂ ಇಡಿ. ಅವರ ಹೆಸರಿನಲ್ಲಿ ಜಾಗವಿದ್ದರೆ ಪಹಣಿ ಸೇರಿಸಬಹುದು. ಅದು ಕನ್ನಡದಲ್ಲಿರುತ್ತದಲ್ಲ, ಅದಕ್ಕೂ ಅನುವಾದ ಮರೆಯಬೇಡಿ.

ಕುವೈತಿನ ಕಡೆಯ ಬಾಗಿಲನ್ನೂ ನೋಡಿಕೊಳ್ಳಿ. ನೀವಿಬ್ಬರೂ ಖಾಸಗಿ ವಲಯದ ವಾಸದ ಪರವಾನಗಿ (ಇಕಾಮಾ) ಇರುವ 18ನೇ ಆರ್ಟಿಕಲ್‌ನವರು. 2025ರ ಜುಲೈ 1ರಿಂದ ಇಂಥವರು ದೇಶ ಬಿಡಲು ಕಂಪನಿ ಒಪ್ಪಿದ ಎಕ್ಸಿಟ್ ಪರ್ಮಿಟ್ ಬೇಕು. ಕುವೈತ್ ಸರಕಾರದ ಸಹೆಲ್ ಆ್ಯಪ್‌ನಲ್ಲೇ ಕೇಳಬಹುದು, ಆದರೆ ಒಪ್ಪಿಗೆ ಕೊಡಬೇಕಾದವರು ರಜೆಯ ಮೇಲೆ ಹೋಗಿರಬಹುದು. ಕೊನೆಯ ರಾತ್ರಿಗೆ ಇಡಬೇಡಿ. ನೀವು ವಾಪಸು ಬಂದ ಮೇಲೂ ಇಕಾಮಾದಲ್ಲಿ ಸಾಕಷ್ಟು ತಿಂಗಳು ಉಳಿದಿರಲಿ.

ಯಾವಾಗ ಹೋಗಬೇಕೆಂಬುದಕ್ಕೆ ನಿಮ್ಮಂಥವರಿಗೊಂದು ಅನುಕೂಲವಿದೆ. ಕುವೈತಿನ ಭಾರತೀಯ ಶಾಲೆಗಳು ಜೂನ್‌ನಲ್ಲೇ ಮುಚ್ಚುತ್ತವೆ. ಇಂಗ್ಲೆಂಡಿನ ಶಾಲೆಗಳಿಗೆ ಜುಲೈ ಮೂರನೇ ವಾರದ ಹೊತ್ತಿಗೆ ರಜೆ. ಆಮೇಲೆ ಆಗಸ್ಟ್ ಮುಗಿಯುವವರೆಗೆ ಕಡಲೂರುಗಳಲ್ಲಿ ಮನೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಜೂನ್ ಕೊನೆ ಅಥವಾ ಜುಲೈ ಮೊದಲ ವಾರ ಹಿಡಿಯಿರಿ. ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಆದರೆ 45 ಡಿಗ್ರಿಯಿಂದ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತೀರಿ, ಮೇಲೆ ಕಡಲಗಾಳಿ. ಅತ್ತೆಗೆ ಸ್ವೆಟರ್, ಕಾಲುಚೀಲ ಬೇಕೇ ಬೇಕು. ಆ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೋಪಿಯಿರುವ ಮಳೆಕೋಟು ಒಯ್ಯಿರಿ.

ಕುವೈತ್ ಏರ್‌ವೇಸ್ ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣದ 4ನೇ ಟರ್ಮಿನಲ್‌ಗೆ ಇಳಿಯುತ್ತದೆ. ಬೆಂಗಳೂರಿನಿಂದ ನೇರ ಬರುವ ಏರ್ ಇಂಡಿಯಾ 2ನೆಯದಕ್ಕೆ, ಬ್ರಿಟಿಷ್ ಏರ್‌ವೇಸ್ 5ನೆಯದಕ್ಕೆ. ಟರ್ಮಿನಲ್‌ಗಳ ನಡುವೆ ರೈಲು ಉಚಿತ. ಅತ್ತೆ ಇಳಿಯುವ ಹೊತ್ತಿಗೆ ಮಗ ಹೊರಗೆ ನಿಂತಿರುವಂತೆ ಟಿಕೆಟ್ ನೋಡಿ, ಬೇಕಿದ್ದರೆ ನೀವು ಒಂದು ದಿನ ಮೊದಲೇ ಹೋಗಿ. ಬುಕ್ಕಿಂಗ್‌ನಲ್ಲೇ ಗಾಲಿಕುರ್ಚಿ ಕೇಳಿ. ಹೀತ್ರೂವಿನಿಂದ ಲಂಡನ್ನಿನ ವಿಕ್ಟೋರಿಯಾ ರೈಲು ನಿಲ್ದಾಣ, ವಿಕ್ಟೋರಿಯಾದಿಂದ ಈಸ್ಟ್‌ಬೋರ್ನ್‌ಗೆ ಒಂದೂವರೆ ಗಂಟೆ ರೈಲು. ಲಂಡನ್ ನೋಡಲೇಬೇಕೆಂದರೆ ವಾಪಸಾಗುವಾಗ ಒಂದು ದಿನ ಸಾಕು.

ಉಳಿಯುವ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಕಡೆ, ಆದರೆ ಕಾರಣ ಬೇರೆ. ಬೀಗರ ಮನೆ ಎಂಬ ಸಂಕೋಚ ಅತ್ತೆಗೆ ಇರುತ್ತದೆ ನಿಜ. ಅದಕ್ಕಿಂತ ದೊಡ್ಡದು ನಿಮ್ಮ ತಮ್ಮನ ನೈಟ್ ಡ್ಯೂಟಿ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗುವವನ ಚಿಕ್ಕ ಮನೆಯಲ್ಲಿ ಐದು ಜನ ಉಸಿರು ಬಿಗಿಹಿಡಿದು ಓಡಾಡಬೇಕು. ನರ್ಸ್ ಆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಟೆಲೂ ಬೇಡ. ಅಡುಗೆಮನೆಯಿರುವ, ನೆಲಮಹಡಿಯ ಬಾಡಿಗೆ ಮನೆಯನ್ನು ಅವನ ಮನೆಗೆ ಹತ್ತಿರ ಹಿಡಿಯಿರಿ. ರಾತ್ರಿಯೂಟ ಅವನೊಂದಿಗೆ. ಅತ್ತೆ ತಮ್ಮ ಸಾರು ತಾವೇ ಕುದಿಸಲಿ, ಆ ಒಲೆ ಸಿಕ್ಕರೆ ಅರ್ಧ ಪರದೇಶ ಕರಗಿತು. ತುಪ್ಪ, ಹಾಲಿನ ಸಿಹಿತಿಂಡಿ ಕಟ್ಟಿಕೊಂಡು ಹೋಗಬೇಡಿ, ಹೊರಗಿನ ಹಾಲಿನ ಪದಾರ್ಥಕ್ಕೆ ಅಲ್ಲಿ ಪ್ರವೇಶವಿಲ್ಲ. ಕಡಲ ದಂಡೆಯಲ್ಲಿ ಆಲೂಗಡ್ಡೆ ಚಿಪ್ಸ್ ಕೊಳ್ಳುವಾಗ ಯಾವ ಎಣ್ಣೆಯಲ್ಲಿ ಕರಿದದ್ದು ಎಂದು ಕೇಳಿ. ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ.

ಅತ್ತೆಯ ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ ಕೈಚೀಲದಲ್ಲಿಡಿ. ಪ್ರವಾಸದ ವಿಮೆಗೆ ಮೊಣಕಾಲು ನೋವು, ಬಿಪಿ ಇದ್ದರೆ ಅದು, ಎಲ್ಲ ಮುಚ್ಚಿಡದೆ ಬರೆಯಿರಿ. ಅಲ್ಲಿನ ಸರಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಹಣವಿಲ್ಲ, ದಾಖಲಾದರೆ ಮಾತ್ರ ಹೊರದೇಶದ ಸಂದರ್ಶಕರಿಗೆ ಸರಕಾರಿ ದರದ ಒಂದೂವರೆ ಪಟ್ಟು ಬಿಲ್ಲು.

ಈಸ್ಟ್‌ಬೋರ್ನ್ ಅತ್ತೆಗೆ ಹೇಳಿ ಮಾಡಿಸಿದ ಊರು. ಕಡಲುದ್ದಕ್ಕೂ ಸಮತಟ್ಟಾದ ಕಾಲುದಾರಿ, ಬೆಂಚುಗಳು, 1935ರ ಬ್ಯಾಂಡ್‌ಸ್ಟ್ಯಾಂಡ್, ಅದಕ್ಕೂ ಹಳೆಯದಾದ ಮರದ ಹಲಗೆಯ ಪಿಯರ್. ದಂಡೆಯಲ್ಲಿ ಮರಳಿಗಿಂತ ಬೆಣಚುಕಲ್ಲೇ ಹೆಚ್ಚು, ಎಲ್ಲರಿಗೂ ರಬ್ಬರ್ ಷೂ ಇರಲಿ. ಮಕ್ಕಳಿಗೆ ಎಚ್ಚರ ಹೇಳಿ. ಕುವೈತಿನ ಬೆಚ್ಚಗಿನ ನೀರಲ್ಲ ಅದು, ಜೂನ್‌ನಲ್ಲೂ ಉಸಿರು ಕಟ್ಟಿಸುವಷ್ಟು ತಂಪು. ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಲಿ. ಅಪಾಯವಾದರೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಬೇಕು. ಪಕ್ಕದ ಬೀಚಿ ಹೆಡ್ ಸುಣ್ಣಕಲ್ಲಿನ ಬಂಡೆ, 162 ಮೀಟರ್ ಎತ್ತರ. ಅಂಚು ಕುಸಿಯುತ್ತಿರುತ್ತದೆ. ಸೆಲ್ಫಿಗೆ ಹತ್ತಿರ ಹೋಗಕೂಡದು, ಕೆಳಗೆ ನಿಂತು ಬಂಡೆಗೆ ಒರಗಲೂಬಾರದು.

ಒಂದು ದಿನ ಬ್ರೈಟನ್‌ಗೆ ಹೋಗಿ. ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಜಾತಿ ಧರ್ಮಕ್ಕೆ ತಕ್ಕಂತೆ ಬೇರೆ ಬೇರೆ ಅಡುಗೆಮನೆ ಮಾಡಿಕೊಟ್ಟಿದ್ದರು. ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದರು. 1921ರಲ್ಲಿ ಅಲ್ಲೊಂದು ಬಿಳಿ ಅಮೃತಶಿಲೆಯ ಛತ್ರಿ ಎದ್ದಿತು. ಪ್ರತಿ ಜೂನ್‌ನಲ್ಲಿ ಅಲ್ಲಿ ಸ್ಮರಣೆ ನಡೆಯುತ್ತದೆ. ಗುಡ್ಡ ನಡೆದೇ ಹತ್ತಬೇಕು, ಅತ್ತೆಗಾಗದು. ದೊಡ್ಡ ಮಗುವನ್ನು ಅಪ್ಪ ಕರೆದೊಯ್ಯಲಿ, ನೀವು ಅತ್ತೆಗೆ ಅರಮನೆ ತೋರಿಸಿ. ಮನೆಯಿಂದ ದೂರ ದುಡಿಯಲು ಹೋದವರ ಕಥೆ ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಬಾಡಿಗೆ ಮನೆಗೆ ಮುಂಗಡ ಕೊಡುವ ಮೊದಲು ತಮ್ಮನಿಗೊಂದು ಕೆಲಸ ಹಚ್ಚಿ. ಆ ಮನೆಯ ಬಾಗಿಲಿನಿಂದ ಕಡಲೆದುರಿನ ಮೊದಲ ಬೆಂಚಿನವರೆಗೆ ನಿಧಾನವಾಗಿ ನಡೆಯಲಿ, ಮೆಟ್ಟಿಲು ಎಷ್ಟು, ನಿಮಿಷ ಎಷ್ಟು, ಶೌಚಾಲಯ ಎಲ್ಲಿ ಎಂದು ಹೇಳುತ್ತ ವೀಡಿಯೊ ಮಾಡಲಿ. ಅದನ್ನು ನಿಮಗಲ್ಲ, ಕುಂದಾಪುರಕ್ಕೆ, ಅತ್ತೆಯ ಫೋನಿಗೇ ಕಳಿಸಲಿ.