ಕರುಳು ತಿರುಚಿಕೊಂಡಾಗ: ಹೊಟ್ಟೆ ಇಳಿದ ಮೇಲೂ ಆಪರೇಷನ್ ಏಕೆ?

“ಸಿಸ್ಟರ್, ಹೊಟ್ಟೆ ಇಳಿಯಿತಲ್ಲ, ಇನ್ನು ಮನೆಗೆ ಕರೆದುಕೊಂಡು ಹೋಗಬಹುದೇ?” ಕರುಳು ತಿರುಚಿಕೊಂಡು ದಾಖಲಾದ ರೋಗಿಗಳ ಮನೆಯವರು ಮಾರನೆಯ ದಿನವೇ ಹೀಗೆ ಕೇಳುತ್ತಾರೆ. ಅವರಿಗಾಗಿ ಈ ಮಾಹಿತಿ.

ಏನಾಗಿರುತ್ತದೆ?
ದೊಡ್ಡ ಕರುಳು ಸುಮಾರು 5 ಅಡಿ ಉದ್ದವಿದೆ. ಹೊಟ್ಟೆಯ ಎಡ ಕೆಳಭಾಗದಲ್ಲಿರುವ ಅದರ ‘ಸಿಗ್ಮಾಯ್ಡ್’ ಭಾಗವು ಕೆಲವರಲ್ಲಿ ಹೆಚ್ಚು ಉದ್ದವಾಗಿ, ಸಡಿಲವಾಗಿರುತ್ತದೆ. ವಯಸ್ಸಾದವರಲ್ಲಿ, ಬಹುಕಾಲ ಮಲಬದ್ಧತೆ ಇರುವವರಲ್ಲಿ ಅದು ಹಗ್ಗಕ್ಕೆ ಹುರಿ ಬಿದ್ದಂತೆ ಬುಡದಲ್ಲಿ ತಿರುಚಿಕೊಳ್ಳಬಹುದು. ಆಗ ಮಲವೂ ಗಾಳಿಯೂ ಹೋಗುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ನೋಯುತ್ತದೆ, ವಾಂತಿಯೂ ಆಗಬಹುದು. ರಕ್ತ ಸಂಚಾರ ನಿಂತರೆ ಕರುಳು ಕೊಳೆಯುತ್ತದೆ. ಇದು ಗಂಟೆಗಳ ಲೆಕ್ಕದ ಕಾಯಿಲೆ. ಮನೆಯಲ್ಲಿ ಹರಳೆಣ್ಣೆ ಕುಡಿಸಬೇಡಿ, ಹೊಟ್ಟೆ ನೀವಬೇಡಿ. ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ಮೊದಲ ಚಿಕಿತ್ಸೆ
ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್‌ನಿಂದ ಕಾಯಿಲೆ ತಿಳಿಯುತ್ತದೆ. ಕರುಳು ಇನ್ನೂ ಜೀವಂತವಾಗಿದ್ದರೆ ಗುದದ್ವಾರದ ಮೂಲಕ ದುರ್ಬೀನು ಕೊಳವೆ ಹಾಕಿ ತಿರುಚನ್ನು ಬಿಡಿಸುತ್ತಾರೆ. ಗಾಳಿ ಹೊರಬಂದು ಹೊಟ್ಟೆ ಇಳಿಯುತ್ತದೆ. ಆದರೆ ಸಡಿಲವಾದ ಕರುಳು ಹಾಗೆಯೇ ಉಳಿದಿರುತ್ತದೆ; ಬಹಳಷ್ಟು ಜನರಲ್ಲಿ ಮತ್ತೆ ತಿರುಚಿಕೊಳ್ಳುತ್ತದೆ.

“ಸುಗ್ಗಿ ಮುಗಿಸಿ ಬರುತ್ತೇವೆ” ಎಂದು ಹಿರಿಯರೊಬ್ಬರು ಮನೆಗೆ ಹೋದರು. ಮತ್ತೆ ಬಂದಾಗ ಕರುಳು ಕಪ್ಪಾಗಿತ್ತು. ಜೀವ ಉಳಿಯಿತು, ಆದರೆ ಹೊಟ್ಟೆಯ ಮೇಲೆ ದೊಡ್ಡ ಗಾಯವಾಯಿತು, ಪಕ್ಕದಲ್ಲಿ ಮಲದ ಚೀಲ ಕಟ್ಟಬೇಕಾಯಿತು. ಆದ್ದರಿಂದಲೇ ಸಾಧ್ಯವಾದರೆ ಅದೇ ದಾಖಲಾತಿಯಲ್ಲಿ ಆಪರೇಷನ್ ಮಾಡಿಸಿಕೊಳ್ಳಲು ವೈದ್ಯರು ಹೇಳುತ್ತಾರೆ.

ಸಣ್ಣ ರಂಧ್ರದ ಆಪರೇಷನ್
ಇದಕ್ಕೆ ಲ್ಯಾಪರೋಸ್ಕೋಪಿ ಎನ್ನುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಯೊಳಗೆ ಗಾಳಿ ತುಂಬಿ, ಅರ್ಧದಿಂದ ಒಂದು ಸೆಂಟಿಮೀಟರಿನ ಕೆಲವು ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಹಾಕುತ್ತಾರೆ. ಸಡಿಲ ಭಾಗವನ್ನು ಸ್ವಲ್ಪ ದೊಡ್ಡದಾದ ಒಂದು ಗಾಯದ ಮೂಲಕ ಹೊರತೆಗೆದು, ಉಳಿದ ತುದಿಗಳನ್ನು ಜೋಡಿಸುತ್ತಾರೆ. ನೋವು ಕಡಿಮೆ, ಗಾಯ ಬೇಗ ಮಾಯುತ್ತದೆ. ಗಾಳಿಯಿಂದಾಗಿ ಒಂದೆರಡು ದಿನ ಭುಜ ನೋಯಬಹುದು, ಗಾಬರಿ ಬೇಡ.

ಎಲ್ಲರಿಗೂ ಇದು ಆಗುವುದಿಲ್ಲ. ಕರುಳು ಬಹಳ ಉಬ್ಬಿದ್ದರೆ ಅಥವಾ ಕೊಳೆತಿದ್ದರೆ ಹೊಟ್ಟೆ ತೆರೆದೇ ಮಾಡಬೇಕಾಗಬಹುದು. ನಡುವೆ ವಿಧಾನ ಬದಲಿಸಿದರೆ ಅದು ವೈದ್ಯರ ತಪ್ಪಲ್ಲ, ರೋಗಿಯ ಸುರಕ್ಷತೆಗಾಗಿ.

ಆಮೇಲೆ ಪಾಲಿಸಬೇಕಾದದ್ದು
• ಸಿಸ್ಟರ್ ಹೇಳಿದಂತೆ ಬೇಗ ಎದ್ದು ನಡೆದಾಡಿಸಿ.
• ವೈದ್ಯರು ಹೇಳುವವರೆಗೆ ಮನೆಯ ಊಟ ಕೊಡಬೇಡಿ.
• ಸುಮಾರು 4ರಿಂದ 6 ವಾರ ಕೊಡ, ಮೂಟೆಯಂಥ ಭಾರ ಎತ್ತಬಾರದು.
• ಮುಂದೆ ಮಲಬದ್ಧತೆ ಆಗದಂತೆ ಆಹಾರ, ನೀರಿನ ವಿಷಯದಲ್ಲಿ ವೈದ್ಯರ ಸಲಹೆ ಪಡೆಯಿರಿ.
• ಜ್ವರ, ಹೆಚ್ಚುವ ಹೊಟ್ಟೆನೋವು, ಉಬ್ಬರ, ವಾಂತಿ, ಗಾಯದಲ್ಲಿ ಕೀವು ಅಥವಾ ಮೀನಖಂಡದ ಊತ ಕಂಡರೆ ರಾತ್ರಿಯಾದರೂ ತಡಮಾಡದೆ ಬನ್ನಿ.

ಹೊಟ್ಟೆ ಇಳಿದದ್ದು ಅರ್ಧ ಚಿಕಿತ್ಸೆ ಮಾತ್ರ. ಉಳಿದರ್ಧವನ್ನು ಮುಗಿಸಿಕೊಂಡೇ ಮನೆಗೆ ಹೋಗೋಣ.